ಹೊಲಕ್ಕೆ ಕಾಲಿಡದ ಮನೆತನ

ಅಪ್ಪ, ಅಜ್ಜ, ಮುತ್ತಜ್ಜ, ನಮ್ಮ ಮನೆತನದಲ್ಲಿ ಯಾರೂ ಹೊಲದ ಮಣ್ಣು ತುಳಿದವರಲ್ಲ. ಅದನ್ನು ಹೇಳಿಕೊಳ್ಳುವುದೇ ಒಂದು ದೊಡ್ಡಸ್ತಿಕೆ. ಕರಜಗಿಯ ಹೊಳೆದಂಡೆಯ ಹೊಲವನ್ನು ಒಬ್ಬ ಮುದುಕ ಪಾಲಿಗೆ ಮಾಡುತ್ತಿದ್ದ. ರಾಶಿ ಮುಗಿದ ಮೇಲೆ ಅರ್ಧ ಜೋಳ ಬಂಡಿಯಲ್ಲಿ ನಮ್ಮ ವಾಡೆಗೆ ಬರುತ್ತಿತ್ತು. ಹೊಲ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ಅಪ್ಪ ಮಾಳಿಗೆಯ ಮೇಲೆ ನಿಂತು ಕೈ ತೋರಿಸುತ್ತಿದ್ದರು, ಅಷ್ಟೇ.

ಎಪ್ಪತ್ತರ ದಶಕದಲ್ಲಿ ಉಳುವವನೇ ಒಡೆಯ ಎಂಬ ಕಾನೂನು ಬಂತು. ಜೇವರ್ಗಿ ಕಡೆಯ ನಮ್ಮ ಬೀಗರ ಹೊಲ ಒಂದೇ ವಿಚಾರಣೆಯಲ್ಲಿ ಹೋಯಿತು. ಅದರ ಬೆನ್ನಿಗೇ ಆ ಮುದುಕನ ಮಗ, ತಂದೆಯ ಹೆಬ್ಬೆಟ್ಟು ಒತ್ತಿಸಿ, ನಮ್ಮ ಹೊಲಕ್ಕೂ ಅರ್ಜಿ ಹಾಕಿದ. ಅಂದಿನಿಂದ ನನಗೆ ಊಟ ಸೇರಲಿಲ್ಲ. ನಾನು ಒಬ್ಬಳೇ ಮಗಳು. ಆ ಹೊಲ ನನಗೆ ಬರಬೇಕಾದದ್ದು. ನನಗೆ ಅದು ಬೇಕಾಗಿತ್ತು, ಸುಳ್ಳೇಕೆ ಹೇಳಲಿ?

ಕೂಲಿಯಾಳು ಹಚ್ಚಿ ನಾನೇ ನಿಂತು ಮಾಡಿಸುತ್ತೇನೆ ಎಂದು ಹೇಳಬೇಕು, ಪಾಲು ಎಂಬ ಮಾತು ಬಾಯಿಂದ ಬಂತೋ, ಹೊಲ ಹೋಯಿತು ಎಂದು ವಕೀಲರು ಅಪ್ಪನಿಗೆ ಎಚ್ಚರಿಸಿದ್ದರು. ವಾರವಿಡೀ ಚಹಾ ಕೊಡುವಾಗಲೆಲ್ಲ ನಾನು ಅದನ್ನೇ ಕೇಳಿದೆ.

"ಅಪ್ಪಾ, ಹೊಲ ಯಾರು ಮಾಡ್ತಾರ?"

"ಆಳು ಹಚ್ಚಿ ನಾನೇ ಮಾಡಸ್ತೀನಿ. ಸಾಕೇನಬೇ? ಗಿಳಿಗೆ ಕಲಿಸಿದಂಗ ಕಲಸಾಕತ್ತಿದಿ!"

ಅಫಜಲಪುರದ ಕಚೇರಿಗೆ ಹೋಗುವಾಗ ಬಸ್ಸಿನಲ್ಲೂ ಕೇಳಿದೆ. ಅಪ್ಪನಿಗೆ ತಲೆಗೆ ಸುತ್ತಿದ ಪಟಕಾದ್ದೇ ಚಿಂತೆ.

ಅಧಿಕಾರಿ ಮೊದಲು ಮುದುಕನನ್ನು ಕರೆದು, ಹೊಲ ಯಾರು ಮಾಡುತ್ತಾರೆಂದು ಕೇಳಿದರು. ಅಪ್ಪನ ಎದುರು ಅವನು ಎಂದೂ ತಲೆ ಎತ್ತಿದವನಲ್ಲ, ಅವತ್ತೂ ಎತ್ತಲಿಲ್ಲ.

"ನಂದೇನೂ ಇಲ್ರಿ ಸಾಹೇಬ್ರ. ಎಲ್ಲಾ ಗೌಡ್ರೇ ಮಾಡ್ತಾರ್ರಿ. ಅವರೇ ಎತ್ತು ಹೂಡಿ ಗಳೇ ಹೊಡೀತಾರ, ಅವರೇ ಬಿತ್ತತಾರ್ರಿ" ಎಂದು ಕೈ ಮುಗಿದ.

ಅವನ ಮಗ ಹಣೆ ಹಣೆ ಬಡಿದುಕೊಂಡ. ನನಗೋ, ಹೋದ ಜೀವ ಬಂದಂತಾಯಿತು.

ಅಷ್ಟರಲ್ಲಿ ಅಪ್ಪ ಧಡಕ್ಕನೆ ಎದ್ದರು.

"ಏನಂದಿ ಲೇ? ನಾನು ಗಳೇ ಹೊಡದೀನಾ? ಮಂದ್ಯಾಗ ನನ್ನ ಮಾನ ಕಳೀತೀ? ಸಾಹೇಬ್ರ, ನಮ್ಮ ಮನಿತನದಾಗ ಒಬ್ಬರೂ ಹೊಲಕ್ಕ ಕಾಲಿಟ್ಟಿಲ್ಲ. ಮಾಡಾಂವ ಇಂವ. ನಮಗ ಪಾಲು ಬರ್ತದ!"

ನಾನು ಅವರ ಅಂಗಿ ಹಿಡಿದು ಜಗ್ಗಿದೆ. ಗುಮಾಸ್ತ ಆಗಲೇ ಬರೆದುಕೊಂಡಾಗಿತ್ತು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ಅರ್ಧ ಗಂಟೆಯಲ್ಲಿ ಹೊಲ ಮುದುಕನದಾಯಿತು.

ಹೊರಗೆ ಬಂದಾಗ ಅವನು ಅಪ್ಪನ ಕಾಲಿಗೆ ಬಿದ್ದ. "ತಪ್ಪಾತ್ರಿ ಯಪ್ಪಾ. ನಿಮ್ಮ ಹೊಲ ನಿಮಗ ಉಳೀಲಿ ಅಂತ ಹಂಗಂದೆ."

"ಹುಚ್ಚ ಇದ್ದಿಯೇನಲೇ? ಹೊಲ ನನಗ ಉಳದಿದ್ರ ನಿನ್ನ ಪಾಲೂ ಹೋಗಿ ನಿನ್ನ ಮಕ್ಕಳು ಉಪಾಸ ಬೀಳತಿದ್ದವು."

"ಹೌದ್ರೀ" ಎಂದ ಮುದುಕ.

ಅಪ್ಪ ಪಟಕಾ ಸರಿಮಾಡಿಕೊಂಡು ಬಸ್ಸಿನ ಕಡೆ ನಡೆದರು. ಅವನ ಆ ಸುಳ್ಳಿಗೆ ಒಳಗೊಳಗೇ ಹಿಗ್ಗಿದ್ದವಳು ನಾನು. ಪಕ್ಕದಲ್ಲಿ ನಿಂತಿದ್ದ ಅವನ ಮಗನ ಮುಖ ನೋಡಲಾಗದೆ ಬಸ್ಸು ಹತ್ತಿದೆ.