ಎರಡೇ ಬಿಸ್ಕತ್ತು
ಲಿವರ್ ಸ್ಕ್ಯಾನ್ ಮಾಡುವ ಅಕ್ಕ “ಚುಚ್ಚಲ್ಲ, ಕುಯ್ಯಲ್ಲ, ಪಕ್ಕೆಗೆ ಮೆತ್ತಗೆ ತಟ್ತೀನಿ ಅಷ್ಟೆ” ಎನ್ನುವಷ್ಟರಲ್ಲೇ ತಣ್ಣನೆಯ ಜೆಲ್ ಸವರಿಬಿಟ್ಟಿರುತ್ತಾರೆ. ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ಯಂತ್ರ ಅಂಕಿಯಲ್ಲಿ ತೋರಿಸುತ್ತದೆ. ಅಂಕಿ ಹೆಚ್ಚಾದರೆ, ಅನ್ನನಾಳದ ರಕ್ತನಾಳಗಳು ಉಬ್ಬಿವೆಯೇ ಎಂದು ನೋಡಲು ಕ್ಯಾಮೆರಾ ಪೈಪ್ ನುಂಗಬೇಕು. ಕಡಿಮೆ ಬಂತೋ, ಅಕ್ಕ ಬಾಗಿಲಿಗೆ ಓಡಿ “ಇವರಿಗೆ ಪೈಪ್ ಬೇಡ!” ಎಂದು ಮನೆಯವರಿಗೆ ಕೂಗುತ್ತಾರೆ, ಆ ಸಂಭ್ರಮ ನೋಡಿದರೆ ಲಿವರ್ ಅವರದೇ ಇರಬೇಕು ಅನ್ನಿಸುತ್ತದೆ. ಹೊಟ್ಟೆಯಲ್ಲಿ ತಿಂಡಿಯಿದ್ದರೆ ಅಂಕಿ ಸುಳ್ಳುಸುಳ್ಳೇ ಏರುವುದುಂಟು. ಅದಕ್ಕೇ ಅವರ ಕಣ್ಣು ಮೊದಲು ಹೋಗುವುದು ಅಂಗಿಯ ಮೇಲಿನ ಬಿಸ್ಕತ್ತಿನ ಪುಡಿಗೆ. “ಎರಡೇ ಬಿಸ್ಕತ್ತಮ್ಮ, ಅದೂ ಒಂದು ಊಟಾನಾ?” ಎಂದವರಿಗೆ, “ನಿಮ್ಮ ಲಿವರ್‌ನೇ ಕೇಳ್ತೀನಿ, ಮಧ್ಯಾಹ್ನ ಬನ್ನಿ” ಎಂದು ಮಂಚದಿಂದ ಎಬ್ಬಿಸಿ ಕಳಿಸುತ್ತಾರೆ. ಮೊನ್ನೆ ಅದೇ ಮಂಚದ ಮೇಲೆ ಅವರ ಸ್ವಂತ ಅಣ್ಣ ಮಲಗಿದ್ದರು. ಬೆಳಿಗ್ಗೆಯಿಂದ ತಂಗಿಯ ಕಣ್ಣೆದುರೇ ಕೂತಿದ್ದವರು ನೀರನ್ನೂ ಮುಟ್ಟಿರಲಿಲ್ಲ. ಅಂಕಿ ಏರುತ್ತಲೇ ಹೋಯಿತು. ಅಕ್ಕ ನಿಧಾನವಾಗಿ ಜೆಲ್ ಒರೆಸಿದರು. ಒಂದು ಚೂರೂ ಪುಡಿಯಿಲ್ಲದ ಆ ಅಂಗಿಯನ್ನೇ ನೋಡುತ್ತಾ, “ಅಣ್ಣ, ನಿಜ ಹೇಳು. ಬಿಸ್ಕತ್ತು ತಿಂದೆ ತಾನೇ?” ಎಂದರು. ಅಣ್ಣ ತಂಗಿಯ ಮುಖ ನೋಡಿ, “ಹೂಂ ಕಣೇ, ಎರಡೇ ಎರಡು” ಎಂದರು.