ಕನ್ನಡಿಯ ಮೂಲೆಯ ಇವತ್ತು

ಆ ದಿನ ಬೆಳಿಗ್ಗೆ ಅವನು ತನ್ನ ಕ್ಷೌರದಂಗಡಿಯ ಕನ್ನಡಿಯ ಮೂಲೆಯಲ್ಲಿ ಸೋಪಿನ ಚೂರಿನಿಂದ ಬರೆದದ್ದು ಇಷ್ಟು: "ಈ ದಿನ, ೧೮೭೬. ಮೊದಲ ಸಲ ಫೋನಿನಲ್ಲಿ ಮಾತು ಕೇಳಿಸಿತು. ಆ ಮಾತು: ಇಲ್ಲಿ ಬಾ, ನಿನ್ನನ್ನು ನೋಡಬೇಕು."

ಹೆಂಡತಿ ಅಂಗಡಿ ಗುಡಿಸುತ್ತಿದ್ದಳು. ಪೊರಕೆ ನಿಲ್ಲಿಸಿ ಅಕ್ಷರ ಕೂಡಿಸಿ ಕೂಡಿಸಿ ಓದಿದಳು. ಅವಳು ಶಾಲೆಯ ಮೆಟ್ಟಿಲು ಹತ್ತಿದ್ದು ಕಡಿಮೆ. ಇಷ್ಟಾದರೂ ಓದಲು ಕಲಿತದ್ದು ಈ ಕನ್ನಡಿಯಲ್ಲೇ.

"ಯಾರು ಯಾರಿಗೆ ಹೇಳಿದ್ದು ರೀ? ಹೆಂಡ್ತಿಗಾ?"

"ಅಲ್ವೇ. ಫೋನ್ ಕಂಡುಹಿಡಿದೋನು ತನ್ನ ಕೆಲಸದವನಿಗೆ. ಅವನು ಪಕ್ಕದ ರೂಮಲ್ಲಿದ್ದ."

"ಪಕ್ಕದ ರೂಮಿಗೆ ಫೋನಾ? ಬಾಗಿಲು ತೆಗೆದು ಕೂಗಿದ್ರೆ ಆಗ್ತಿರಲಿಲ್ವಾ?"

"ಕೂಗಿಬಿಟ್ಟಿದ್ರೆ ನಾನಿವತ್ತು ಏನು ಬರೀಬೇಕಿತ್ತು?"

ಕ್ಷೌರದಂಗಡಿಯ ಹಿಂದೆಯೇ ಅವರ ಮನೆ. ಒಂದು ಕೋಣೆ, ಒಂದು ಅಡುಗೆಮನೆ. ಮಧ್ಯೆ ಗೋಡೆ, ಗೋಡೆಯಲ್ಲೊಂದು ಬಾಗಿಲು. ಚಹಾ ಬೇಕಾದರೆ ಅವನು ಬಾಚಣಿಗೆಯಿಂದ ಗೋಡೆಗೆ ಟಕ್ ಟಕ್ ಎಂದು ಬಡಿಯುತ್ತಿದ್ದ. ಬಾಯಿ ಬಿಟ್ಟು ಕರೆದದ್ದೇ ಇಲ್ಲ. ಆ ದಿನ ಮಾತ್ರ ಅವನಿಗೆ ಹುಚ್ಚು ಹಿಡಿದಿತ್ತು. ಬಾಚಣಿಗೆ ಜೇಬಿನಲ್ಲೇ ಇಟ್ಟುಕೊಂಡು ಬೆಳಗಿನಿಂದ ಕೂಗಿದ್ದೇ ಕೂಗಿದ್ದು.

"ಇಲ್ಲಿ ಬಾ, ನಿನ್ನನ್ನು ನೋಡಬೇಕು!"

ಮೊದಲ ಸಲ ಚಹಾಕ್ಕೆ. ಇನ್ನೊಂದು ಸಲ ಒಗೆದ ಟವೆಲ್‌ಗೆ. ಬೆಂಚಿನ ಮೇಲಿದ್ದ ಗಿರಾಕಿಗಳು ಕಿಸಕ್ಕೆಂದು ನಗುತ್ತಿದ್ದರು. ಅವಳು ಪ್ರತಿ ಸಲವೂ ಸೆರಗಿಗೆ ಕೈ ಒರೆಸಿಕೊಂಡು ಬಂದಳು. ಸಂಜೆ ಗಿರಾಕಿ ಯಾರೂ ಇಲ್ಲದಾಗ ಮತ್ತೆ ಕೂಗಿದ. ಒಲೆಯ ಮೇಲೆ ಹಾಲಿತ್ತು, ಅದನ್ನು ಇಳಿಸಿ ಬಂದಳು.

"ಏನ್ರೀ ಈಗ?"

ಅವನು ಕುರ್ಚಿಯಲ್ಲಿ ಕೂತಿದ್ದ. ಕನ್ನಡಿಯೊಳಗಿಂದಲೇ ಅವಳನ್ನು ನೋಡಿದ.

"ಏನಿಲ್ಲ. ನೋಡಿದ್ದಾಯ್ತು. ಹೋಗು."

"ವಯಸ್ಸಾದ ಮೇಲೆ ಬುದ್ಧಿ ಮೊಣಕಾಲಿಗಿಳಿಯುತ್ತೆ ಅಂತಾರೆ, ಸುಳ್ಳಲ್ಲ," ಎಂದು ಬೈದು ಒಳಗೆ ಹೋದಳು. ಒಳಗೆ ಹೋದ ಮೇಲೆ ನಕ್ಕಳು.

ಮರುದಿನ ಬೆಳಿಗ್ಗೆ ಅವನು ಏಳಲಿಲ್ಲ. ನಿದ್ದೆಯಲ್ಲೇ ಹೋಗಿದ್ದ. ಡಾಕ್ಟರು ಹೃದಯ ನಿಂತಿದೆ ಎಂದರು. ಅದನ್ನು ಹೇಳಲು ಡಾಕ್ಟರೇ ಬೇಕಿರಲಿಲ್ಲ.

ಆ ಬೀದಿಯಲ್ಲಿ ಅವನ ಹೆಸರು ಹೇಳಿ ಕೇಳಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಎಲ್ಲರೂ ಕರೆಯುತ್ತಿದ್ದದ್ದು "ಇವತ್ತೇನಣ್ಣ" ಎಂದು. ಒಳಗೆ ಕಾಲಿಟ್ಟವರೆಲ್ಲ "ಇವತ್ತೇನಣ್ಣಾ?" ಎಂದು ಕೇಳಿ ಕೇಳಿ ಅದೇ ಹೆಸರಾಯಿತು.

ಅದು ಶುರುವಾದದ್ದು ಒಂದು ಕಲೆಯಿಂದ. ಕೆಲಸ ಕಲಿಸಿದ ಸೋದರಮಾವ ಅವನಿಗೆ ಕೊಟ್ಟದ್ದು ಒಂದು ಕುರ್ಚಿ, ಒಂದು ಕನ್ನಡಿ. ಕನ್ನಡಿಯ ಕೆಳಮೂಲೆಯಲ್ಲಿ ಹಿಂದಿನ ಲೇಪ ಎದ್ದುಹೋಗಿ ಕಂದು ಕಲೆಯಾಗಿತ್ತು. ಗಿರಾಕಿಗಳು ಕೆನ್ನೆ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದರು, ಮುಖದ ಮೇಲೇ ಏನೋ ಇದೆ ಎಂದು. ರೋಸಿಹೋಗಿ ಅವನು ಒಂದು ದಿನ ಒಣಗಿದ ಸೋಪಿನ ಚೂರು ತೆಗೆದುಕೊಂಡು ಕಲೆಯ ಮೇಲೆ "ಇವತ್ತು ಬುಧವಾರ" ಎಂದು ಬರೆದ. ಪಕ್ಕದಂಗಡಿಯ ಟೈಲರ್ ಗಡ್ಡಕ್ಕೆ ಬಂದವನು ಓದಿ, "ಅದು ನನಗೂ ಗೊತ್ತು ಕಣಣ್ಣ, ಗೊತ್ತಿಲ್ದೆ ಇರೋದು ಏನಾದ್ರೂ ಬರಿ," ಎಂದ.

ಅಷ್ಟು ಸಾಕಾಯಿತು. ಬೆಳಗಿನ ರೇಡಿಯೋದಲ್ಲಿ ಈ ದಿನ ಏನೇನಾಗಿತ್ತು ಎಂದು ಹೇಳುತ್ತಿದ್ದರು. ಅವನು ಹಲ್ಲುಜ್ಜುವ ಬ್ರಷ್ ಬಾಯಲ್ಲಿಟ್ಟುಕೊಂಡೇ ರೇಡಿಯೋಕ್ಕೆ ಕಿವಿ ಹಚ್ಚಿ ನಿಲ್ಲುತ್ತಿದ್ದ. ಆ ಹೊತ್ತಿನಲ್ಲಿ ಮನೆಯಲ್ಲಿ ಪಾತ್ರೆ ಸದ್ದಾಗಬಾರದು. ರೇಡಿಯೋ ಹಳೆಯದು, ಗರಗರ ಎನ್ನುತ್ತಿತ್ತು. ಒಮ್ಮೆ ಮುಂದಿನ ತಿಂಗಳ ಕಾರ್ಯಕ್ರಮದ ಸುದ್ದಿ ಹೇಳುವಾಗ ಜುಲೈ ಎಂದದ್ದು ಜೂನ್ ಎಂದು ಕೇಳಿಸಿ ಮನುಷ್ಯನನ್ನು ಒಂದು ತಿಂಗಳು ಮುಂಚೆಯೇ ಚಂದ್ರನ ಮೇಲೆ ಇಳಿಸಿಬಿಟ್ಟ. ಶಾಲೆಯ ಮೇಷ್ಟ್ರು ತಲೆ ಬಗ್ಗಿಸಿ ಕೂತಲ್ಲಿಂದಲೇ ತಪ್ಪು ತೋರಿಸಿದರು. ಅವನು ಅಳಿಸಲಿಲ್ಲ.

"ಬರೆದದ್ದು ಬೆಳಗಿನ ತನಕ ಇರ್ಬೇಕು ಮೇಷ್ಟ್ರೇ. ಅದು ರೂಲ್ಸು. ಒರೆಸೋದು ನಮ್ಮನೆಯವಳ ಕೆಲಸ, ನನ್ನದಲ್ಲ."

ಒಂದು ತಿಂಗಳ ನಂತರ ಅದನ್ನೇ ಮತ್ತೆ ಬರೆದು, ಕೆಳಗೆ "ಈ ಸಲ ನಿಜವಾಗಿ" ಎಂದು ಸೇರಿಸಿದ.

ಒರೆಸುವ ಕೆಲಸ ಹೆಂಡತಿಯದಾದದ್ದಕ್ಕೂ ಕಾರಣವಿತ್ತು. ಮೊದಮೊದಲು ಅವನೇ ತೋಳಿನಿಂದ ಒರೆಸುತ್ತಿದ್ದ. ಕನ್ನಡಿ ತುಂಬ ಸೋಪಿನ ಮಬ್ಬು. "ಗಂಡಸರು ಒರೆಸಿದ ಕನ್ನಡೀಲಿ ಮುಖ ಎರಡೆರಡು ಕಾಣುತ್ತೆ," ಎಂದು ಅವಳು ಬಟ್ಟೆ ಕಿತ್ತುಕೊಂಡಳು. ಮೊದಲು ಒದ್ದೆ ಬಟ್ಟೆ, ಆಮೇಲೆ ಹಳೆಯ ಪೇಪರಿನ ಉಂಡೆ. ಅಂದಿನಿಂದ ನಿನ್ನೆಯನ್ನು ಒರೆಸುವುದು ಅವಳ ಪಾಲು, ಇವತ್ತನ್ನು ಬರೆಯುವುದು ಅವನ ಪಾಲು.

ಒಂದೊಂದು ದಿನ ಅವಳಿಗೆ ನಗು ತಡೆಯಲಾಗುತ್ತಿರಲಿಲ್ಲ. ಕೈ ತೊಳೆಯುವ ದಿನ ಎಂದು ಬರೆದಾಗ, "ಕೈ ತೊಳೆಯೋಕೂ ಒಂದು ದಿನಾನಾ? ಮಿಕ್ಕ ದಿನ ಏನು ಮಾಡ್ತಾರೆ?" ಎಂದು ಕೇಳಿದಳು. ಎಡಗೈಯವರ ದಿನ ಬಂದರೆ ಟೈಲರ್ ಎದೆ ಉಬ್ಬಿಸಿಕೊಂಡು ಬರುತ್ತಿದ್ದ. ಅವನು ಎಡಗೈಯಲ್ಲಿ ಕತ್ತರಿ ಹಿಡಿಯುವವನು. ಮಗಳು ಹುಟ್ಟಿದ ದಿನ ವರ್ಷವೂ ದೊಡ್ಡ ಅಕ್ಷರ. ಮದುವೆಯಾದ ದಿನ ಮಾತ್ರ "ಈ ದಿನ, ಒಬ್ಬ ಮನುಷ್ಯನ ಸ್ವಾತಂತ್ರ್ಯ ಹೋಯಿತು" ಎಂದು ಬರೆದು, ಗಿರಾಕಿಗಳಿಗೆ ಕಣ್ಣು ಹೊಡೆಯುತ್ತಿದ್ದ. ಮರುದಿನ ಅವಳು ಅದನ್ನು ಗೋಡೆ ಅಲ್ಲಾಡುವಂತೆ ಒರೆಸುತ್ತಿದ್ದಳು.

ಬೀದಿಗೆಲ್ಲ ಇಷ್ಟವಾದದ್ದು ಟೈಲರನ ದಿನ. ಒಂದು ಮಳೆಗಾಲದ ಮಧ್ಯಾಹ್ನ ಟೈಲರನ ಸ್ವಂತ ಪ್ಯಾಂಟಿನ ಹೊಲಿಗೆಯೇ ಬಿಟ್ಟಿತ್ತು. ಶಟರ್ ಎಳೆದುಕೊಂಡು, ಪ್ಯಾಂಟು ಬಿಚ್ಚಿ ಕಾಲಲ್ಲಿ ತುಳಿಯುವ ಮಿಷನ್ನಿಗೆ ಹಾಕಿದ. ಅಷ್ಟರಲ್ಲಿ ಕರೆಂಟು ಹೋಯಿತು. ಶಟರೂ ಸಿಕ್ಕಿಕೊಂಡಿತು. ಕತ್ತಲಲ್ಲಿ ಹೊಲಿದು ಎರಡು ಕಾಲನ್ನೂ ಸೇರಿಸಿಬಿಟ್ಟಿದ್ದ. ಶಟರಿನ ಸಂದಿಯಿಂದ ಅಳತೆ ಟೇಪು ಹೊರಹಾಕಿ ಅಲ್ಲಾಡಿಸಿದ ಮೇಲೆಯೇ ಜನಕ್ಕೆ ಗೊತ್ತಾದದ್ದು. ಶಟರ್ ಎತ್ತಿದಾಗ ಬೀದಿಯೇ ನೆರೆದಿತ್ತು. ಟೈಲರ್ ಯಾರದೋ ಕಿಟಕಿಗೆಂದು ಹೊಲಿಯಲು ಬಂದಿದ್ದ ಹೂವಿನ ಪರದೆ ಸುತ್ತಿಕೊಂಡು ಹೊರಬಂದ.

ವರ್ಷವೂ ಆ ದಿನ ಕನ್ನಡಿಯಲ್ಲಿ ಬರುತ್ತಿತ್ತು: "ಈ ದಿನ, ನಮ್ಮ ಬೀದಿ. ಟೈಲರ್ ಪರದೆಯೊಳಗಿಂದ ಹೊರಬಂದನು."

"ಅಳಿಸಣ್ಣ! ಮಾನ ಹೋಗುತ್ತೆ!"

"ಬೆಳಗಿನ ತನಕ ಇರ್ಬೇಕಪ್ಪ. ಚಂದ್ರನ ಮೇಲೆ ಹೋದೋರಿಗೂ ಅದೇ ರೂಲ್ಸು, ನಿನಗೂ ಅದೇ."

ಇವತ್ತೇನಣ್ಣ ಹೋದ ಮೇಲೆ ಬಂದವರು ಬಂದರು, ಅತ್ತವರು ಅತ್ತರು, ಅವರವರ ಕೆಲಸಕ್ಕೆ ಹೋದರು. ಮಗಳು ಹೋಗಲಿಲ್ಲ. ಅವಳು ಬ್ಯೂಟಿ ಪಾರ್ಲರಿನಲ್ಲಿ ಕೆಲಸ ಕಲಿತವಳು. "ಅಂಗಡಿ ನಾನು ನಡೆಸ್ತೀನಮ್ಮ," ಎಂದಳು. ಗಂಡಸರ ಗಡ್ಡ ಹೆಣ್ಣುಮಗಳು ಹೆರೆಯುವುದೇ ಎಂದು ಕೆಲವರು ಮೂಗು ಮುರಿದರು. ಟೈಲರ್ ಬಂದು ಮೊದಲು ಕುರ್ಚಿಯಲ್ಲಿ ಕೂತ. "ಕತ್ತಿ ಚೂಪಾಗಿದ್ರೆ ಸಾಕಮ್ಮ, ಹಿಡಿದ ಕೈ ಯಾರದಾದ್ರೇನು?" ಎಂದ. ಅವನನ್ನು ನೋಡಿ ಮಿಕ್ಕವರೂ ಬಂದರು.

ಅಂಗಡಿ ತೆರೆಯುವ ಹಿಂದಿನ ದಿನ ತಾಯಿ ಒಂದೇ ಮಾತು ಹೇಳಿದ್ದಳು.

"ಆ ಮೂಲೆ ಮುಟ್ಟಬೇಡ."

ಮಗಳು ಮುಟ್ಟಲಿಲ್ಲ. ಆದರೆ ಮೊದಲ ದಿನವೇ ಕನ್ನಡಿಯ ಕೆಳಗಿನ ಸಣ್ಣ ಸ್ಟೌ ಹಚ್ಚಿ ಬಿಸಿನೀರಿಗೆ ಕೆಟಲ್ ಇಟ್ಟಳು. ಆವಿ ಏರಿತು. ಕನ್ನಡಿ ಮಬ್ಬಾಯಿತು. "ಬಾ" ಅಕ್ಷರದ ಕೊನೆ ಕರಗಿ ಸಣ್ಣ ಗೆರೆಯಾಗಿ ಕೆಳಗಿಳಿಯಿತು. ತಾಯಿ ಬಾಗಿಲಲ್ಲಿ ನಿಂತು ನೋಡಿದಳು. ಬಂದವಳೇ ಸ್ಟೌ ಆರಿಸಿದಳು. ಕೆಟಲನ್ನು ಒಳಗೆ ಒಯ್ದು ಅಟ್ಟದ ಮೇಲಿಟ್ಟಳು.

"ಅಮ್ಮಾ, ಬಿಸಿನೀರಿಲ್ದೆ ಗಡ್ಡ ಹೆಂಗಮ್ಮ ಮಾಡೋದು?"

"ತಣ್ಣೀರಲ್ಲಿ ಮಾಡು."

"ಚರ್ಮ ಉರಿಯುತ್ತೆ ಅಂತಾರೆ."

"ಉರೀಲಿ."

ಒಳಗಿನಿಂದ ಬಿಸಿನೀರು ತರಲೂ ಬಿಡಲಿಲ್ಲ. ಬಟ್ಟಲಿನಿಂದಲೂ ಆವಿ ಏಳುತ್ತದಲ್ಲ.

ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತಾರೆ. ಅವಳ ಹುಣ್ಣು ಇದ್ದದ್ದೇ ಕನ್ನಡಿಯಲ್ಲಿ. ಬೆಳಿಗ್ಗೆ ಎದ್ದರೆ ಮೊದಲು ಹೋಗಿ ಅಕ್ಷರ ಎಣಿಸಿದಂತೆ ನೋಡುತ್ತಿದ್ದಳು. ಒಣಸೋಪು ತಾನಾಗಿಯೇ ಪುಡಿಪುಡಿಯಾಗಿ ಉದುರುತ್ತಿತ್ತು. ಫೋನ್ ಹೋಯಿತು. ಇಸವಿ ಹೋಯಿತು. "ಇಲ್ಲಿ ಬಾ" ಇನ್ನೂ ಇತ್ತು. ಅದು ಅವನ ಕೈ. ಅದನ್ನು ಒರೆಸಿದರೆ ಅವನ ಕೈಬರಹವೆಂದು ಮನೆಯಲ್ಲಿ ಇನ್ನೇನೂ ಉಳಿಯುವುದಿಲ್ಲ. ಇಷ್ಟು ವರ್ಷ ಬರೆದದ್ದನ್ನೆಲ್ಲ ಅವಳೇ ಒರೆಸಿಹಾಕಿದ್ದಳು.

ಗಿರಾಕಿಗಳು ಒಂದೆರಡು ವಾರ ಸುಮ್ಮನಿದ್ದರು. ಸತ್ತವನ ಮೇಲಿನ ಗೌರವ. ಆಮೇಲೆ ಕೆನ್ನೆ ಉಜ್ಜಿಕೊಳ್ಳುತ್ತ ಎದ್ದು ಹೋಗುವವರು ಹೋದರು. ಮಳೆ ಹಿಡಿಯಿತು. ತಣ್ಣೀರು ಇನ್ನೂ ತಣ್ಣಗಾಯಿತು. ಮೇಷ್ಟ್ರು ಗಡ್ಡ ಬಿಟ್ಟರು. ಕೇಳಿದರೆ, "ಚೆನ್ನಾಗಿ ಕಾಣುತ್ತೆ ಅಂತಾರಮ್ಮ ಮನೇಲಿ," ಎಂದು ಜಾರಿಕೊಂಡರು. ಬೆಂಚು ಖಾಲಿ ಬೀಳತೊಡಗಿತು. ಮಗಳು ಇದ್ದ ಕತ್ತಿಯನ್ನೇ ಮತ್ತೆ ಮತ್ತೆ ಮಸೆಯುತ್ತ ಕೂರುತ್ತಿದ್ದಳು. ತಾಯಿಗೆ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ತಾಯಿಗೆ ಸುಲಭವಾಗುತ್ತಿತ್ತು.

ಒಂದು ಬೆಳಿಗ್ಗೆ ಟೈಲರ್ ಎಂದಿಗಿಂತ ಬೇಗ ಬಂದ. ಇಸ್ತ್ರಿ ಮಾಡಿದ ಅಂಗಿ. ಒಳಗೆ ಬಂದವನು ಕುರ್ಚಿಯಲ್ಲಿ ಕೂರದೆ ಕನ್ನಡಿಯ ಮೂಲೆಗೆ ಬಗ್ಗಿ ನೋಡಿದ. ಕನ್ನಡಕ ಹಾಕಿಕೊಂಡು ಮತ್ತೆ ನೋಡಿದ. ಆಮೇಲೆ ಬೆಂಚಿನ ಮೇಲೆ ಕೂತ.

"ಕೂತ್ಕೊ ಬಾ ಚಿಕ್ಕಪ್ಪ, ಗಡ್ಡ ಮಾಡ್ತೀನಿ," ಎಂದಳು ಮಗಳು.

"ಬೇಡಮ್ಮ. ಗಡ್ಡಕ್ಕೆ ಬರ್ಲಿಲ್ಲ."

ತಾಯಿ ಚಹಾ ತಂದಿಟ್ಟಳು. "ಮತ್ಯಾಕೆ ಬಂದೆ, ಇಷ್ಟು ಹೊತ್ತಿಗೇ? ಹೊಸ ಅಂಗಿ ಬೇರೆ."

ಟೈಲರ್ ಲೋಟ ತಿರುಗಿಸುತ್ತ ಕೂತ. "ಇವತ್ತೇನು ಗೊತ್ತಾ ಅತ್ತಿಗೆ?"

ಅವಳಿಗೆ ತಕ್ಷಣ ಹೊಳೆಯಲಿಲ್ಲ.

"ನನ್ನ ಪರದೆ ದಿನ," ಎಂದ. ನಗಲು ನೋಡಿದ, ಆಗಲಿಲ್ಲ. "ವರ್ಷಾನೂ ಅಳಿಸು ಅಳಿಸು ಅಂತ ಜಗಳ ಆಡ್ತಿದ್ದೆ. ಬೆಳಿಗ್ಗೆ ಎದ್ದೆ, ಕಾಲು ತಾನಾಗೇ ಈ ಕಡೆ ಬಂತು. ಬೀದಿಯವರು ಯಾರಾದ್ರೂ ಆಡ್ಕೊಂಡು ನಗ್ತಾರೆ ಅಂತ ಅಂಗೀನೂ ಹಾಕ್ಕೊಂಡೆ. ಒಬ್ಬನಿಗೂ ನೆನಪಿಲ್ಲ. ಅವನಿಗೆ ಬಿಟ್ರೆ ಇನ್ಯಾರಿಗೆ ನೆನಪಿರುತ್ತೆ?"

ಹೊರಗೆ ಮಳೆ ಸುರಿಯುತ್ತಿತ್ತು.

"ನಾನು ಒರೆಸಿದ್ರೆ ಅದು ಹೋಗುತ್ತೆ," ಎಂದಳು ಅವಳು, ಮೂಲೆಯ ಕಡೆ ನೋಡುತ್ತ.

"ಎಲ್ಲಿಗೆ ಹೋಗುತ್ತೆ ಅತ್ತಿಗೆ? ಮುಂದಿನ ವರ್ಷ ಬರುತ್ತೆ. ನಂದು ವರ್ಷಾನೂ ಬರ್ತಿರಲಿಲ್ವಾ? ಬೇಡ ಬೇಡ ಅಂದ್ರೂ ಬರ್ತಿತ್ತು."

"ಅಕ್ಷರ ಅವರದ್ದಾಗಿರಲ್ಲ."

"ಇರಲ್ಲ," ಎಂದ ಟೈಲರ್. ಸುಳ್ಳು ಹೇಳಲಿಲ್ಲ. ಅದಕ್ಕೇ ಅವಳಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ.

ಅವಳು ಒಳಗೆ ಹೋದಳು. ಮಗಳು ಟೈಲರನ ಮುಖ ನೋಡಿದಳು, ಟೈಲರ್ ಚಹಾದ ಮುಖ ನೋಡಿದ. ಒಳಗೆ ಅಟ್ಟದಿಂದ ಏನೋ ಇಳಿಸಿದ ಸದ್ದಾಯಿತು. ಅವಳು ಕೆಟಲ್ ಹಿಡಿದು ಬಂದು ಸ್ಟೌ ಮೇಲಿಟ್ಟು ಹಚ್ಚಿದಳು. ಒದ್ದೆ ಬಟ್ಟೆ ತಂದಳು. ಕನ್ನಡಿಯ ಮುಂದೆ ನಿಂತು, ಉಳಿದದ್ದನ್ನು ಒಮ್ಮೆ ಬೆರಳಿಟ್ಟು ಓದಿದಳು. ಇಲ್ಲಿ ಬಾ.

"ಬಂದೆ," ಎಂದಳು. ಒರೆಸಿದಳು. ಪೇಪರಿನ ಉಂಡೆಯಿಂದ ಮತ್ತೆ ಒರೆಸಿದಳು.

ಕಂದು ಕಲೆ ಕಂಡಿತು. ಎಷ್ಟು ದೊಡ್ಡದಾಗಿತ್ತು ಅದು.

ಸೋಪಿನ ಚೂರು ಅವನು ಇಟ್ಟಲ್ಲೇ ಇತ್ತು. ಅವಳು ಕಲೆಯ ಮೇಲೆ ಬರೆಯತೊಡಗಿದಳು. ಅಕ್ಷರ ದೊಡ್ಡವಾದವು, ಸಾಲು ಮೇಲಕ್ಕೆ ಹೋಯಿತು. ಟೈಲರ್ ಎದ್ದು ಬಂದು ಹಿಂದೆ ನಿಂತ.

"ಪರದೆ ಅನ್ನೋದೊಂದು ಬಿಟ್ಬಿಡು ಅತ್ತಿಗೆ. ಶಟರ್ ಸಿಕ್ಕಿಕೊಂಡಿತ್ತು ಅಂತ ಮಾತ್ರ ಬರಿ."

"ಸುಮ್ನಿರಪ್ಪ. ಹೂವಿನ ಪರದೆ ಅಂತಲೇ ಬರೀತೀನಿ."

"ಅಳಿಸತ್ತಿಗೇ!"

"ಬೆಳಗಿನ ತನಕ ಇರ್ಬೇಕು," ಎಂದಳು ಅವಳು. ಟೈಲರ್ ಕುರ್ಚಿಯಲ್ಲಿ ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಮಗಳು ಬಿಸಿ ಟವೆಲ್ ಹಿಂಡಿ, ಆ ಕೈಗಳನ್ನು ಮೆಲ್ಲಗೆ ಸರಿಸಿ, ಕೆನ್ನೆಗೆ ಹಾಕಿದಳು.

ಮೇಷ್ಟ್ರು ಆ ವಾರವೇ ಗಡ್ಡ ತೆಗೆಸಿಕೊಂಡರು. ಮನೆಯಲ್ಲಿ ಚೆನ್ನಾಗಿ ಕಾಣುವುದಿಲ್ಲ ಎಂದರಂತೆ.

ಈಗ ಬೆಳಗಿನ ರೇಡಿಯೋಕ್ಕೆ ಕಿವಿ ಹಚ್ಚುವವಳು ಅವಳು. ರೇಡಿಯೋ ಗರಗರ ಎಂದರೆ ಊಹೆಯ ಮೇಲೆ ಬರೆಯುತ್ತಾಳೆ. ತಪ್ಪಾದರೆ ಮೇಷ್ಟ್ರಿದ್ದಾರೆ. ಏನೂ ಸಿಗದಿದ್ದರೆ ಬೀದಿಯನ್ನೇ ನೆನಪು ಮಾಡಿಕೊಳ್ಳುತ್ತಾಳೆ. ಫೋನಿನ ದಿನ ಒಂದು ಸಲ ಬಂದು ಹೋಯಿತು. ಅದನ್ನೂ ಬರೆದಳು, ಮರುದಿನ ಅದನ್ನೂ ಒರೆಸಿದಳು. ಒರೆಸುವಾಗ ಕೈ ಸ್ವಲ್ಪ ನಿಂತಿತು, ಅಷ್ಟೆ.

ದಿನಾ ಬೆಳಿಗ್ಗೆ, ಬೀದಿಯಲ್ಲಿ ಇನ್ನೂ ಯಾರ ಶಟರೂ ಏಳುವ ಮುಂಚೆ, ಅವಳು ಬಾಗಿಲು ದಾಟಿ ಅಂಗಡಿಗೆ ಬರುತ್ತಾಳೆ. ಮೊದಲು ಒದ್ದೆ ಬಟ್ಟೆ, ಆಮೇಲೆ ಪೇಪರಿನ ಉಂಡೆ. ಮೂಲೆಯಿಂದ ಶುರುಮಾಡಿ ಮೇಲಕ್ಕೆ, ಮಬ್ಬು ಉಳಿಯದ ಹಾಗೆ, ಕುರ್ಚಿ ಇಡಿಯಾಗಿ ಕಾಣುವ ತನಕ ಒರೆಸುತ್ತಾಳೆ.