ವರ್ಷದ ತೊಡಕಿನ ಮ್ಯಾಚು

ನಾನು ಲಂಗ ಎತ್ತಿ ಕಟ್ಟಿಕೊಂಡು ಬೀದಿ ಸುತ್ತುತ್ತಿದ್ದ ಐವತ್ತರ ದಶಕದಲ್ಲಿ, ಹುಣಸೂರಿನಲ್ಲಿ ಫುಟ್‌ಬಾಲ್ ಆಡುವುದಕ್ಕಿಂತ ಅದನ್ನು ಕೂತು ನೋಡುವುದೇ ಕಷ್ಟದ ಕೆಲಸವಾಗಿತ್ತು. ಹೈಸ್ಕೂಲಿನ ಹುಡುಗರು ಪ್ರತಿ ವರ್ಷ ಯುಗಾದಿಯ ಆಸುಪಾಸಿನಲ್ಲಿ ಒಂದು ಮ್ಯಾಚು ಆಡುತ್ತಿದ್ದರು. ಮುಂದಿನ ಮಳೆಗಾಲದ ಪಂದ್ಯಗಳಿಗೆ ಯಾರು ಲಾಯಕ್ಕು ಎಂದು ನೋಡುವುದಕ್ಕೆ ಅದು. ತಮ್ಮಲ್ಲೇ ಎರಡು ಭಾಗವಾಗುತ್ತಿದ್ದರು. ಅಂಗಿ ಹಾಕಿದವರು ಒಂದು ಕಡೆ, ಬಿಚ್ಚಿದವರು ಇನ್ನೊಂದು ಕಡೆ. ಗೆದ್ದರೂ ನಮ್ಮವರೇ, ಸೋತರೂ ನಮ್ಮವರೇ. ಪೆಟ್ಟಾದೀತೆಂದು ಯಾರೂ ಜೋರಾಗಿ ಒದೆಯುತ್ತಿರಲಿಲ್ಲ. ಹೆಡ್‌ಮಾಸ್ಟರು ಕುರ್ಚಿಯಲ್ಲಿ ತೂಕಡಿಸುತ್ತಿದ್ದರು. ಮೈದಾನದ ಅಂಚಿನಲ್ಲಿ ಮೇಯುವ ಎಮ್ಮೆಗಳೂ ತಲೆ ಎತ್ತುತ್ತಿರಲಿಲ್ಲ.

ನಾನು ಮಾತ್ರ ತಪ್ಪದೆ ಹೋಗುತ್ತಿದ್ದೆ, ಯಾಕೆಂದರೆ ಆಡುವವರಲ್ಲಿ ನನ್ನ ಅಣ್ಣ ಸಿದ್ದರಾಜು ಇದ್ದ. ಎಸ್ಸೆಸ್ಸೆಲ್ಸಿಗೆ ಅವನಿಗಿನ್ನೂ ಒಂದು ವರ್ಷವಿತ್ತು. ಓದಿನಲ್ಲಿ ಅಷ್ಟಕ್ಕಷ್ಟೇ. ಆದರೆ ಗದ್ದೆಯ ಬದುವಿನ ಮೇಲೆ ಚಿಂದಿಬಟ್ಟೆಯ ಚೆಂಡನ್ನು ಕೆಳಗೆ ಬೀಳಿಸದೆ ಒದ್ದುಕೊಂಡು ಮನೆಯ ತನಕ ಬರುತ್ತಿದ್ದ. ಫುಟ್‌ಬಾಲಿನ ಬಲದ ಮೇಲೆ ಮೈಸೂರಿನ ಕಾಲೇಜಿಗೆ ಸೇರಿಸಬಹುದು ಎಂದು ಡ್ರಿಲ್ ಮೇಷ್ಟ್ರು ಹೇಳಿದಾಗ ನಮ್ಮಪ್ಪ ನಕ್ಕಿದ್ದ. "ತಲೇಲಿ ಓದಕ್ಕಾಗ್ನಿಲ್ಲ, ಕಾಲಲ್ಲಾದ್ರೂ ಓದ್ಲಿ ಬುಡು" ಎಂದಿದ್ದ. ಒಳಗೊಳಗೆ ಖುಷಿಯಾಗಿದ್ದ ಎಂದು ನನಗೆ ಗೊತ್ತು. ಅವತ್ತು ಹೊಗೆಸೊಪ್ಪು ಕಟ್ಟುವುದು ಬಿಟ್ಟು ಚೆಂಡು ಆಡಲು ಅಣ್ಣನನ್ನು ಅವನೇ ಕಳಿಸಿದ.

ಆ ಡ್ರಿಲ್ ಮೇಷ್ಟ್ರು ಊರಿಗೆ ಹೊಸಬರು. ನಮ್ಮ ಜಗಲಿಯ ಮೇಲೆ ಕೂತು, ಅವ್ವ ಕೊಟ್ಟ ಬೆಲ್ಲದ ಕಾಫಿ ಆರಿಸಿಕೊಳ್ಳುತ್ತ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. "ನಮ್ಮ ಹುಡುಗ್ರು ನಮ್ಮ ಹುಡುಗ್ರನ್ನೇ ಸೋಲಿಸೋದನ್ನ ಯಾರು ಬಂದು ನೋಡ್ತಾರೆ ಗೌಡ್ರೇ? ಈ ಸಲ ಪಿರಿಯಾಪಟ್ಟಣದವ್ರನ್ನ ಕರೆಸ್ತೀನಿ. ಊರೇ ಬರ್ಬೇಕು, ಹೆಂಗಸ್ರೂ ಬರ್ಬೇಕು. ನಾಲ್ಕು ಜನ ನೋಡಿದ್ರೆ ಸ್ಕೂಲಿಗೂ ಒಂದು ಹೆಸ್ರು, ಹುಡುಗ್ರಿಗೂ ಒಂದು ಹುರುಪು."

ಊರೆಲ್ಲ ಬಿಡುವಾಗಿರುವ ದಿನ ಯಾವುದು ಎಂದು ಕೇಳಿದರು. ಅಪ್ಪನೇ ಹೇಳಿದ, ವರ್ಷದ ತೊಡಕಿನ ದಿನ ಎಂದು.

ಯುಗಾದಿಯ ಮಾರನೆಯ ದಿನ ಅದು. ಹೋಳಿಗೆಯ ಸಿಹಿ ಮುಗಿದು ಮನೆಮನೆಯಲ್ಲಿ ಕುರಿ, ಕೋಳಿಯ ಬಾಡು ಬೇಯುವ ದಿನ. ಆ ದಿನ ಆದದ್ದು ವರ್ಷವೆಲ್ಲ ಆಗುತ್ತದೆ ಎಂಬ ನಂಬಿಕೆ. ಅದಕ್ಕೇ ಚೆನ್ನಾಗಿ ಉಣ್ಣಬೇಕು, ಆಡಬೇಕು, ನಗಬೇಕು. ಜಗಳವಾಡಬಾರದು, ಮಲಗಬಾರದು, ಅಳಬಾರದು. ನಮ್ಮಜ್ಜಿ ಬೆಳಗಾಗುತ್ತಲೇ ಬಾಗಿಲಲ್ಲಿ ಕೂತು ಇದನ್ನೆಲ್ಲ ಪಹರೆ ಕಾಯುತ್ತಿದ್ದಳು. ಒಲೆಯ ಹೊಗೆಗೆ ನಾನು ಕಣ್ಣೊರೆಸಿಕೊಂಡರೂ, "ಅತ್ಯಾ?" ಎಂದು ಗದರಿಸುತ್ತಿದ್ದಳು.

ಅವತ್ತು ಮಧ್ಯಾಹ್ನ ಮಸಾಲೆ ವಾಸನೆಯ ಕೈಗಳನ್ನು ಸೀರೆಗೆ ಒರೆಸಿಕೊಂಡು ಬೀದಿಯ ಹೆಂಗಸರೆಲ್ಲ ಮೈದಾನಕ್ಕೆ ಹೊರಟರು. ಕೂರುವುದಕ್ಕೆ ಬೆಂಚು ಸಾಲದು ಎಂದು ಮೇಷ್ಟ್ರು ಎತ್ತಿನ ಗಾಡಿಗಳನ್ನು ತರಿಸಿದ್ದರು. ಎತ್ತು ಬಿಚ್ಚಿ, ಸುಣ್ಣದ ಗೆರೆಯ ಪಕ್ಕಕ್ಕೇ ಸಾಲಾಗಿ ನಿಲ್ಲಿಸಿದ್ದರು. ಗಾಡಿಯ ಮೇಲೆ ಹತ್ತಿದರೆ ಯಾರ ತಲೆಯೂ ಅಡ್ಡ ಬರುತ್ತಿರಲಿಲ್ಲ. ಹುರಿಗಡಲೆ ಬೆರೆಸಿದ ಪುರಿ ಹಂಚಿದರು, ಪಾನಕ ಕೊಟ್ಟರು. ತಮಟೆಯವರು ಒಂದು ಮೂಲೆಯಲ್ಲಿ ಹುಲ್ಲು ಉರಿಸಿ ತಮಟೆ ಕಾಯಿಸುತ್ತಿದ್ದರು. ಅಂಥ ಮ್ಯಾಚನ್ನು ಹುಣಸೂರು ಅದಕ್ಕೆ ಮುಂಚೆ ನೋಡಿರಲಿಲ್ಲ.

ಆಟ ನಿಜವಾಗಿಯೂ ಚೆನ್ನಾಗಿತ್ತು. ಅದನ್ನು ಹೇಳದಿದ್ದರೆ ಆ ಮೇಷ್ಟ್ರಿಗೆ ಅನ್ಯಾಯವಾಗುತ್ತದೆ. ಪಿರಿಯಾಪಟ್ಟಣದವರು ಒಂದು ಗೋಲು ಹೊಡೆದರು, ನಮ್ಮಣ್ಣ ಒಂದು ಹೊಡೆದ. ಅಪ್ಪನ ಎದುರು ತಲೆ ಎತ್ತಿ ಮಾತಾಡದ ನಮ್ಮವ್ವ ಗಾಡಿಯ ಮೇಲೆ ನಿಂತು, ಸೆರಗು ಜಾರಿದ್ದೂ ಗೊತ್ತಿಲ್ಲದೆ, "ವದೀಲಾ ಸಿದ್ದಾ, ವದಿ" ಎಂದು ಕೂಗಿದಳು. ಪಕ್ಕದ ಮನೆಯವಳು ಅವಳ ಸೊಂಟ ಹಿಡಿದುಕೊಂಡು ನಗುತ್ತಿದ್ದಳು. ಅವ್ವನಿಗೆ ಅಷ್ಟು ದೊಡ್ಡ ದನಿ ಇದೆಯೆಂದು ನನಗೆ ಗೊತ್ತಾದದ್ದು ಅವತ್ತೇ.

ಆಮೇಲೆ ಚೆಂಡು ಗೆರೆಯ ಕಡೆಗೆ ಉರುಳಿತು. ಅಣ್ಣ ಅದರ ಹಿಂದೆ ಓಡಿ ಬಂದ. ಹಳೆಯ ಕಾಲದ ಮ್ಯಾಚಾಗಿದ್ದರೆ ಹೋದರೆ ಹೋಗಲಿ ಎಂದು ಬಿಡುತ್ತಿದ್ದ. ಇಷ್ಟು ಜನ ನೋಡುತ್ತಿರುವಾಗ ಯಾರು ಬಿಡುತ್ತಾರೆ? ಎತ್ತು ಬಿಚ್ಚಿದ ಗಾಡಿಗಳ, ನೊಗ ಕಟ್ಟುವ ಉದ್ದನೆಯ ಮೂಕಿಮರಗಳು ಮೈದಾನದ ಕಡೆಗೇ ಮೂತಿ ಮಾಡಿ ನೆಲಕ್ಕೆ ಊರಿದ್ದವು. ಚೆಂಡು ಒಂದು ಗಾಡಿಯ ಕೆಳಗೆ ನುಸುಳಿತು. ಅಣ್ಣ ಮೂಕಿಮರಕ್ಕೆ ಕಾಲು ಸಿಕ್ಕಿ ಬಿದ್ದ. ಒಣಗಿದ ಸೌದೆ ಮುರಿದಂಥ ಸದ್ದು ನನಗೆ ಕೇಳಿಸಿತು. ಮೊಣಕಾಲಿನ ಕೆಳಗೆ ಚರ್ಮ ಹರಿದು ಬೆಳ್ಳಗೆ ಮೂಳೆ ಕಾಣುತ್ತಿತ್ತು, ಗಾಯದ ತುಂಬ ಮೈದಾನದ ಮಣ್ಣು. ತಮಟೆಯವರಿಗೆ ಗೊತ್ತಾಗದೆ ಸ್ವಲ್ಪ ಹೊತ್ತು ಬಾರಿಸುತ್ತಲೇ ಇದ್ದರು.

ಆಸ್ಪತ್ರೆ ದೂರವೇನಿರಲಿಲ್ಲ. ಮೈದಾನದಿಂದ ಅದರ ಹಂಚು ಕಾಣುತ್ತಿತ್ತು.

"ನಡೀರಿ ಗೌಡ್ರೇ, ಈಗಲೇ ಎತ್ಕೊಂಡು ಹೋಗೋಣ" ಎಂದು ಮೇಷ್ಟ್ರು ಅಣ್ಣನ ತೋಳಿನ ಕೆಳಗೆ ಕೈ ಹಾಕಿದರು.

ಅಷ್ಟರಲ್ಲಿ ಅಜ್ಜಿ ಗಾಡಿಯಿಂದ ಇಳಿದು ಬಂದು ಅಡ್ಡ ನಿಂತಳು. "ವರ್ಸ್‌ತೊಡ್ಕಿನ ದಿವ್ಸ ಆಸ್ಪತ್ರೆ ಮೆಟ್ಲು ಅತ್ತುದ್ರೆ ವರ್ಸೆಲ್ಲಾ ಅತ್ತಸ್ತದೆ. ಮನೆಗೆ ತಕ್ಕೊಂಡ್ ನಡೀರಿ. ಅರಿಸ್ನ ಕಟ್ತೀನಿ."

"ಅಜ್ಜಿ, ಮೂಳೆ ಹೊರಗೆ ಬಂದಿದೆ" ಎಂದರು ಮೇಷ್ಟ್ರು.

"ಬಂದ್ರೆ ಬರ್ಲಿ. ನಾಳೀಕೆ ಓಗಿ."

ಎಲ್ಲರೂ ಅಪ್ಪನ ಮುಖ ನೋಡಿದರು. ಅಪ್ಪ ಆಸ್ಪತ್ರೆಯ ಹಂಚಿನ ಕಡೆ ನೋಡಿದ, ಅಜ್ಜಿಯ ಕಡೆ ನೋಡಿದ. "ಒಂದು ರಾತ್ರಿ ತಾನೇ ಮೇಷ್ಟ್ರೇ" ಎಂದ. ಸುತ್ತ ನಿಂತ ಹಿರಿಯರೂ ಅದು ಸರಿಯೆಂದು ತಲೆ ಆಡಿಸಿದರು. ಮೇಷ್ಟ್ರು ಕೈಮುಗಿದು ಬೇಡಿಕೊಂಡರು. ಪರವೂರಿನವರ ಮಾತು ಯಾರು ಕೇಳುತ್ತಾರೆ?

ಮನೆಯಲ್ಲಿ ಅಜ್ಜಿ ಗಾಯಕ್ಕೆ ಅರಿಶಿನ ತುಂಬಿ ಹಳೆಯ ಸೀರೆ ಸುತ್ತಿದಳು. ಅಣ್ಣನ ಮೈಯೆಲ್ಲ ಬೆವರಿತ್ತು. "ಅಳ್ಬ್ಯಾಡ ಕಣ್ ಮಗಾ, ಇವತ್ತು ಅತ್ರೆ ವರ್ಸೆಲ್ಲಾ ಅಳ್ಬೇಕಾಯ್ತದೆ" ಎಂದು ಅವನ ತಲೆ ಸವರುತ್ತಲೇ ಇದ್ದಳು. ಆಕೆಗೆ ಮೊಮ್ಮಗನೆಂದರೆ ಪ್ರಾಣ. ಅಣ್ಣ ಕೆಳತುಟಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಮಲಗಿದ್ದ, ತುಟಿಯಿಂದ ರಕ್ತ ಬಂತು, ಅಳಲಿಲ್ಲ. ಅವ್ವ ಅಳು ತಡೆಯಲಾರದೆ ಕೊಟ್ಟಿಗೆಗೆ ಹೋದಳು. ಮಾಡಿದ ಬಾಡು ಹಾಗೇ ಹಳಸಿತು.

ಮಾರನೆಯ ದಿನ ಊರಿನ ಡಾಕ್ಟರು ಬಟ್ಟೆ ಬಿಚ್ಚಿ ನೋಡಿದವರೇ ಮೈಸೂರಿನ ದೊಡ್ಡಾಸ್ಪತ್ರೆಗೆ ಕಳಿಸಿದರು. ದಾರಿಯಲ್ಲಿ ಬಿಳಿಕೆರೆ ದಾಟುವ ಹೊತ್ತಿಗೆ ಅಣ್ಣನಿಗೆ ಮೈಮೇಲೆ ಎಚ್ಚರವಿರಲಿಲ್ಲವಂತೆ. ಗಾಯ ಕೊಳೆತು ಮೈಗೆ ವಿಷ ಏರಿತ್ತು. ಜೀವ ಉಳಿಸಲು ಮಂಡಿಯ ಮೇಲಕ್ಕೆ ಕತ್ತರಿಸಿ ಕಾಲು ತೆಗೆದರು. ಆಮೇಲೆ ಗಾಯ ಬೇಗ ಮಾಯಲಿಲ್ಲ. ಆ ವರ್ಷವೆಲ್ಲ ನಮ್ಮ ಮನೆಯವರು ಆಸ್ಪತ್ರೆಯ ಮೆಟ್ಟಿಲು ಹತ್ತಿದರು.

ಅಜ್ಜಿಗೆ ತಾನು ಹೇಳಿದ್ದು ತಪ್ಪೆಂದು ಕೊನೆಯ ತನಕ ಅನ್ನಿಸಲಿಲ್ಲ. "ನೋಡ್ದಾ, ವರ್ಸ್‌ತೊಡ್ಕಿನ ದಿವ್ಸ ಬಿದ್ದ, ವರ್ಸೆಲ್ಲಾ ನರಳ್ದ" ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ಆಗ ನನಗೆ ಅವಳ ಮೇಲೆ ಉರಿದುಹೋಗುತ್ತಿತ್ತು. ಊರಿನವರು ಮಾತ್ರ ಮೇಷ್ಟ್ರನ್ನು ಬೈದರು. ಬೇರೆ ಊರಿನವರನ್ನು ಕರೆಸಿದ್ದೇ ತಪ್ಪು, ಹೆಂಗಸರನ್ನು ಕರೆದದ್ದೇ ತಪ್ಪು ಎಂದರು. ಗಾಡಿಗಳನ್ನು ನಾಲ್ಕು ಮಾರು ಹಿಂದೆ ನಿಲ್ಲಿಸಬೇಕಿತ್ತು ಎಂದು ಒಬ್ಬರೂ ಹೇಳಲಿಲ್ಲ. ಮೇಷ್ಟ್ರಿಗೆ ವರ್ಗವಾಯಿತು. ಮುಂದಿನ ಯುಗಾದಿಗೆ ಮತ್ತೆ ಅಂಗಿ ಹಾಕಿದವರು, ಅಂಗಿ ಬಿಚ್ಚಿದವರು. ಕೆಲವು ವರ್ಷಕ್ಕೆ ಅದೂ ನಿಂತಿತು.

ಅಣ್ಣ ಊರುಗೋಲು ಹಿಡಿದು ಬಾಳಿದ, ಸಂಸಾರ ಮಾಡಿದ, ಈಗ ಇಲ್ಲ. ಚೆಂಡಿನ ಮಾತು ಮನೆಯಲ್ಲಿ ಯಾರೂ ಎತ್ತಲಿಲ್ಲ. ಅವ್ವನ ಆ ದೊಡ್ಡ ದನಿಯನ್ನು ನಾನು ಇನ್ನೊಂದು ಸಲ ಕೇಳಲಿಲ್ಲ. ಮೈದಾನವಿದ್ದ ಕಡೆ ಈಗ ಹೋದರೆ ಗುರುತೂ ಹತ್ತುವುದಿಲ್ಲ.

ಹೋದ ವರ್ಷದ ತೊಡಕಿಗೆ ನನ್ನ ಮೊಮ್ಮಗಳು ಅಂಗಳದಲ್ಲಿ ಬಿದ್ದು ಮಂಡಿ ತರಚಿಕೊಂಡಳು. ಸೊಸೆ ಓಡಿ ಬಂದು, "ಇವತ್ತು ಅಳಬಾರ್ದು ಪುಟ್ಟಿ" ಎಂದಳು. ಮಗು ಕೆಳತುಟಿಯನ್ನು ಕಚ್ಚಿ ಹಿಡಿಯಿತು. ನಾನು ಅದನ್ನು ಮಡಿಲಿಗೆ ಎಳೆದುಕೊಂಡು, "ಅಳು ಕಣವ್ವ, ಎಷ್ಟು ಬೇಕೋ ಅಷ್ಟು ಅಳು" ಎಂದೆ. ಅದು ಅಳಲಿಲ್ಲ, ನನ್ನ ಮುಖವನ್ನೇ ನೋಡುತ್ತಿತ್ತು. ಅತ್ತವಳು ನಾನು.